ಮಸಿಬಟ್ಟೆ ಸಾಕೇ, ಬೌಲ್ ಕೋಜಿ ಬೇಕೇ? ಬಿಸಿ ಬಟ್ಟಲಿಗೆ ಹೊಲಿಯುವ ಮುನ್ನ

ಬಿಸಿ ಬಟ್ಟಲು ಹಿಡಿಯಲು ಮನೆಯಲ್ಲೇ ಏನಾದರೂ ಹೊಲಿದುಕೊಳ್ಳೋಣ ಎಂದು ಹೊರಟವರು ತಬ್ಬಿಬ್ಬಾಗುವುದು ನಮೂನೆಗಳ ರಾಶಿ ನೋಡಿ. ಬಟ್ಟಲನ್ನು ಒಳಗೆ ಕೂರಿಸುವ, ನಾಲ್ಕು ಮೂಲೆ ಚಾಚಿಕೊಂಡ ಬಟ್ಟೆಯ ಗೂಡಾದ ಬೌಲ್ ಕೋಜಿ, ಬೆರಳು ತೂರಿಸುವ ಜೇಬಿನ ಹಿಡಿಬಟ್ಟೆ, ಹಳೆ ಸೀರೆ ಮಡಿಸಿ ಹೊಲಿದ ಕೌದಿ ತುಂಡು, ದುಂಡನೆಯ ಮ್ಯಾಟು, ಅಜ್ಜಿಯ ಕಾಲದ ಸಿಂಬೆ. ಫೋಟೋದಲ್ಲಿ ಎಲ್ಲವೂ ಚಂದವೇ. ಆದರೆ ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಅರ್ಧ ದಿನ ಕೂತು ಹೊಲಿದ ಕೋಜಿ ಡ್ರಾಯರ್ ಸೇರಿ, ಕೈ ಮತ್ತೆ ಹಳೆ ಮಸಿಬಟ್ಟೆಯನ್ನೇ ಹುಡುಕುವುದು ಇದೇ ಕಾರಣಕ್ಕೆ.

ಯಾವುದರ ಮೇಲೆ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಬಟ್ಟಲು ಎಲ್ಲಿ ಬಿಸಿಯಾಗುತ್ತದೆ ಎಂದು ನೋಡಿಕೊಳ್ಳಿ. ಇರುವುದು ಮೂರೇ ದಾರಿ. ತಣ್ಣಗಿನ ಬಟ್ಟಲು ಮೈಕ್ರೋವೇವ್ ಒಳಗೆ ಹೋಗಿ ಬಿಸಿಯಾಗಿ ಬರುತ್ತದೆ. ಇಲ್ಲವೇ, ಒಲೆಯ ಮೇಲಿನ ಪಾತ್ರೆಯಿಂದ ಕುದಿಯುವ ಸಾರನ್ನೋ ಗಂಜಿಯನ್ನೋ ತಣ್ಣಗಿನ ಬಟ್ಟಲಿಗೆ ಬಡಿಸಿಕೊಳ್ಳುತ್ತೀರಿ. ಇಲ್ಲವೇ, ಬಟ್ಟಲೇ ಒಲೆಯ ಮೇಲೆ ಅಥವಾ ಕುಕ್ಕರಿನೊಳಗೆ ಕೂತಿರುತ್ತದೆ. ಮೊದಲ ಎರಡರಲ್ಲಿ ಬಟ್ಟಲು ತಣ್ಣಗಿರುವಾಗಲೇ ಅದನ್ನು ಬಟ್ಟೆಯೊಳಗೆ ಕೂರಿಸಬಹುದು. ಮೂರನೆಯದರಲ್ಲಿ ಹಾಗಾಗದು. ಕಾದ ಬಟ್ಟಲನ್ನು ಕೋಜಿಯೊಳಗೆ ಇಳಿಸಲು ಮೊದಲು ಇಕ್ಕಳವೇ ಬೇಕು, ಇಕ್ಕಳ ಕೈಯಲ್ಲಿದ್ದ ಮೇಲೆ ಕೋಜಿಗೆ ಏನು ಕೆಲಸ? ಹಾಗಾಗಿ ಕೋಜಿ ಮೊದಲ ಎರಡು ಮನೆಗಳಿಗೆ, ಹಿಡಿಬಟ್ಟೆ ಮೂರನೆಯ ಮನೆಗೆ.

ಎರಡನೆಯದು ಬಟ್ಟಲಿನ ಜಾತಿ. ಸ್ಟೀಲು ಶಾಖವನ್ನು ತಕ್ಷಣ ಹೊರಮೈಗೆ ದಾಟಿಸುತ್ತದೆ, ಕಂಠದವರೆಗೂ ಸುಡುತ್ತದೆ. ಪಿಂಗಾಣಿ ನಿಧಾನಕ್ಕೆ ಕಾಯುತ್ತದೆ, ಒಮ್ಮೆ ಕಾದರೆ ಬೇಗ ತಣಿಯುವುದಿಲ್ಲ. ಸ್ಟೀಲಿನ ಬಟ್ಟಲಿಗೆ ದಪ್ಪ ಹೆಚ್ಚು ಬೇಕು, ಬಟ್ಟೆ ಕಂಠದ ತನಕ ಬರಬೇಕು. ಪಿಂಗಾಣಿಗೆ ತಳ ಮತ್ತು ಮಗ್ಗುಲು ಮುಚ್ಚಿದರೆ ಸಾಕು.

ಮೂರನೆಯದು ಆಕಾರ. ಅರ್ಧಗೋಲದಂತೆ ಇಳಿದ ಬಟ್ಟಲಿಗೆ ಡಾರ್ಟು (ಬಟ್ಟೆಗೆ ಗುಂಡನೆಯ ಆಕಾರ ಬರಲು ಮಡಿಸಿ ಹಾಕುವ ಓರೆ ಹೊಲಿಗೆ) ಹಾಕಿದ ಕೋಜಿ ಕೂರುತ್ತದೆ. ಸಾರಿನ ಬಟ್ಟಲಿನ ಹಾಗೆ ತಳ ಸಪಾಟಾಗಿ, ಮಗ್ಗುಲು ನೆಟ್ಟಗಿದ್ದರೆ ಕೂರುವುದಿಲ್ಲ, ಗುಳ್ಳೆ ಏಳುತ್ತದೆ.

ಒಗೆಯುವ ಮಾತೂ ಇದೆ. ಸಾರು, ಹುಳಿ, ಎಣ್ಣೆ ಬಿದ್ದೇ ಬೀಳುತ್ತವೆ. ವಾರಕ್ಕೊಮ್ಮೆ ವಾಷಿಂಗ್ ಮಿಷನ್ನಿಗೆ ಹಾಕಲಾಗದ್ದನ್ನು ಅಡುಗೆಮನೆಗೆ ಹೊಲಿಯಬಾರದು. ಕೊನೆಗೆ ನಿಮ್ಮ ಹೊಲಿಗೆ ಮಿಷನ್ ಎಷ್ಟು ದಪ್ಪ ತಡೆಯುತ್ತದೆ ಎಂಬುದು. ಹಳೆಯ ಕಪ್ಪು ಉಷಾ, ಸಿಂಗರ್ ಕಾಲ್ಮಿಷನ್ನುಗಳು ಎಂಟು ಪದರವನ್ನು ಸಲೀಸಾಗಿ ಹೊಲಿಯುತ್ತವೆ. ಹಗುರ ಪ್ಲಾಸ್ಟಿಕ್ ಮೈಯ ಎಲೆಕ್ಟ್ರಿಕ್ ಮಿಷನ್ನುಗಳು ಡಾರ್ಟುಗಳು ಕೂಡುವ ಕಡೆ ಹೊಲಿಗೆ ಬಿಡುತ್ತವೆ.

ನಾಲ್ಕು ಡಾರ್ಟಿನ ಬೌಲ್ ಕೋಜಿ

ಮೈಕ್ರೋವೇವ್ ದಿನಾ ಬಳಸುವ ಮನೆಗೆ, ಪಿಂಗಾಣಿ ಅಥವಾ ಗಾಜಿನ ದುಂಡು ಬಟ್ಟಲಿಗೆ ಇದಕ್ಕೆ ಸಾಟಿ ಇಲ್ಲ. ಬಟ್ಟಲನ್ನು ಕೋಜಿಯಲ್ಲಿ ಕೂರಿಸಿ ಒಳಗಿಡುವುದು, ಚಾಚಿದ ಮೂಲೆಗಳನ್ನೇ ಹಿಡಿದು ಹೊರತೆಗೆಯುವುದು. ಹಾಗೇ ಮಡಿಲಲ್ಲಿ ಇಟ್ಟುಕೊಂಡು ಬಿಸಿಬೇಳೆಬಾತ್ ತಿನ್ನಬಹುದು. ಆದರೆ ಈ ಪಟ್ಟಿಯಲ್ಲಿ ಹೆಚ್ಚು ತಪ್ಪಾಗುವುದೂ ಇದರಲ್ಲೇ.

ಅಳತೆಗೆ ಇಂಚುಪಟ್ಟಿಯನ್ನು ಬಟ್ಟಲಿನ ಒಂದು ಕಂಠದಿಂದ ಹೊರಮೈ ಮೇಲೆ ಇಳಿಸಿ, ತಳ ದಾಟಿಸಿ, ಎದುರಿನ ಕಂಠದವರೆಗೆ ಹಿಡಿಯಿರಿ. ಬಂದದ್ದಕ್ಕೆ 1 ಇಂಚು ಸೇರಿಸಿದರೆ ಕತ್ತರಿಸಬೇಕಾದ ಚೌಕದ ಅಳತೆ ಸಿಗುತ್ತದೆ. 6 ಇಂಚು ಅಗಲ, ಎರಡೂವರೆ ಇಂಚು ಆಳದ ಮಾಮೂಲಿ ಬಟ್ಟಲಿಗೆ 9 ಇಂಚಿನ ಆಸುಪಾಸು ಬರುತ್ತದೆ, ಅಂದರೆ 10 ಇಂಚಿನ ಚೌಕ. ಡಾರ್ಟಿಗೆ ಸುಲಭದ ಲೆಕ್ಕವಿದೆ: ಮಡಿಕೆಯಿಂದ ಚೌಕದ ಹತ್ತನೇ ಒಂದು ಭಾಗ ಅಗಲ, ಅಂಚಿನಿಂದ ಐದನೇ ಒಂದು ಭಾಗ ಆಳ. 10 ಇಂಚಿಗೆ 1 ಇಂಚು ಅಗಲ, 2 ಇಂಚು ಆಳ. ಏಳೂವರೆ ಇಂಚಿಗೆ ಮುಕ್ಕಾಲು ಮತ್ತು ಒಂದೂವರೆ. ಬಟ್ಟಲು ಜಾಸ್ತಿ ಆಳವಿದ್ದರೆ ಡಾರ್ಟಿನ ಆಳವನ್ನು ಇನ್ನರ್ಧ ಇಂಚು ಹೆಚ್ಚಿಸಿ, ಅಗಲ ಮುಟ್ಟಬೇಡಿ.

ಒಂದು ಕೋಜಿಗೆ ಬಟ್ಟೆಯ ಎರಡು ಚೌಕ, ಒಳತುಂಬುವಿಕೆಯ (ಶಾಖ ತಡೆಯಲು ಒಳಗಿಡುವ ದಪ್ಪ ಪದರ) ಎರಡು ಚೌಕ ಬೇಕು. ಒಳತುಂಬುವಿಕೆಯನ್ನು ಬಟ್ಟೆಗಿಂತ ಅರ್ಧ ಇಂಚು ಚಿಕ್ಕದಾಗಿ, ಅಂದರೆ 10ಕ್ಕೆ ಒಂಬತ್ತೂವರೆಯಾಗಿ ಕತ್ತರಿಸಿ. ಅಂಚಿನ ಹೊಲಿಗೆಯಲ್ಲಿ ಅದು ಸಿಕ್ಕಿಕೊಳ್ಳದಿದ್ದರೆ ಉಲ್ಟಾ ಮಾಡಿದಾಗ ಅಂಚು ತೆಳ್ಳಗೆ ಬರುತ್ತದೆ. 44 ಇಂಚು ಪನ್ನದ (ಅಗಲದ) ಬಟ್ಟೆ 1 ಮೀಟರ್ ತಂದರೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು, ಒಟ್ಟು ಹನ್ನೆರಡು ಚೌಕ, ಅಂದರೆ ಆರು ಕೋಜಿ. 36 ಇಂಚು ಪನ್ನದಲ್ಲಿ ಒಂಬತ್ತೇ ಚೌಕ, ನಾಲ್ಕು ಕೋಜಿಯಾಗಿ ಒಂದು ಉಳಿಯುತ್ತದೆ.

ಕತ್ತರಿಸುವ ಮೊದಲು ಬಟ್ಟೆ, ಒಳತುಂಬುವಿಕೆ ಎರಡನ್ನೂ ಒಗೆದು ಒಣಗಿಸಿ ಇಸ್ತ್ರಿ ಮಾಡಲೇಬೇಕು. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹೊರಬಟ್ಟೆ ಒಂದಷ್ಟು, ಒಳಗಿನದು ಇನ್ನೊಂದಷ್ಟು ಕುಗ್ಗಿದರೆ ಹೊಲಿದ ಕೋಜಿ ಸೊಟ್ಟಗಾಗುತ್ತದೆ, ಆಮೇಲೆ ಯಾವ ಇಸ್ತ್ರಿಯೂ ಅದನ್ನು ಸರಿಮಾಡದು.

ಬಟ್ಟೆಯ ಉಲ್ಟಾ ಬದಿಗೆ ಒಳತುಂಬುವಿಕೆ ಇಟ್ಟು, ಮೂಲೆಯಿಂದ ಮೂಲೆಗೆ ಎರಡು ಕರ್ಣ ಹೊಲಿಗೆ ಹಾಕಿ. ಹೊಲಿಗೆ 3 ಮಿಲಿಮೀಟರ್ ಉದ್ದವಿರಲಿ, ಸೂಜಿ 16ರದ್ದಿರಲಿ. 14ರ ಸೂಜಿ ದಪ್ಪದಲ್ಲಿ ಬಾಗಿ ಹೊಲಿಗೆ ಬಿಡುತ್ತದೆ. ಎರಡನೇ ಚೌಕಕ್ಕೂ ಹೀಗೆಯೇ. ಈಗ ಒಂದು ಚೌಕವನ್ನು ಸೀದಾ ಬದಿ ಒಳಗೆ ಬರುವಂತೆ ನಡುವೆ ಮಡಿಸಿ. ಮಡಿಕೆಯ ಎರಡೂ ತುದಿಯಲ್ಲಿ, ಅಂಚಿನ ಮೇಲೆ ಮಡಿಕೆಯಿಂದ 1 ಇಂಚಿಗೆ ಒಂದು ಗುರುತು, ಮಡಿಕೆಯ ಮೇಲೆ ಅಂಚಿನಿಂದ 2 ಇಂಚಿಗೆ ಇನ್ನೊಂದು ಗುರುತು ಚಾಕಿನಲ್ಲಿ ಹಾಕಿ, ಎರಡನ್ನೂ ಗೆರೆಯಿಂದ ಸೇರಿಸಿ. ಅಂಚಿನಿಂದ ತುದಿಯತ್ತ ಹೊಲಿಯಿರಿ. ರವಿಕೆಯ ಡಾರ್ಟು ಹೊಲಿದು ಗೊತ್ತಿದ್ದವರಿಗೆ ಇದು ಹೊಸದಲ್ಲ. ತುದಿ ಸಮೀಪಿಸುತ್ತಿದ್ದಂತೆ ಮಡಿಕೆಯ ಉದ್ದಕ್ಕೇ ಜಾರಿಕೊಂಡು ಹೋಗಿ ಬಟ್ಟೆಯಿಂದಾಚೆ ಇಳಿಯಬೇಕು. ಅಲ್ಲಿ ರಿವರ್ಸ್ ಹೊಡೆಯದೆ ದಾರ ಬಿಟ್ಟು ಕೈಯಲ್ಲಿ ಗಂಟು ಹಾಕಿ. ತುದಿಯಲ್ಲಿ ಥಟ್ಟನೆ ನಿಲ್ಲಿಸಿದರೆ ತಳದಲ್ಲಿ ಗುಬುಟು ಉಳಿದು ಬಟ್ಟಲು ಅಲ್ಲಾಡುತ್ತದೆ. ಆಮೇಲೆ ಚೌಕವನ್ನು ಇನ್ನೊಂದು ದಿಕ್ಕಿಗೆ ಮಡಿಸಿ ಉಳಿದ ಎರಡು ಡಾರ್ಟು. ಹೆಚ್ಚುವರಿ ಬಟ್ಟೆಯನ್ನು ಕಾಲಿಂಚು ಬಿಟ್ಟು ಕತ್ತರಿಸಿ, ಒಳತುಂಬುವಿಕೆಯನ್ನು ಹೊಲಿಗೆಯ ಹತ್ತಿರದವರೆಗೂ ಸವರಿ ತೆಗೆಯಿರಿ.

ಎರಡು ತಟ್ಟೆಯಾಕಾರದ ತುಂಡುಗಳು ಸಿದ್ಧವಾದವು. ಸೀದಾ ಬದಿಗೆ ಸೀದಾ ಬದಿ ತಾಗುವಂತೆ ಒಂದರೊಳಗೊಂದು ಕೂರಿಸಿ, ಡಾರ್ಟಿಗೆ ಡಾರ್ಟು ಸರಿಯಾಗಿ ಹೊಂದಿಸಿ ಗುಂಡುಸೂಜಿ ಚುಚ್ಚಿ. ಹೊರಗಿನ ಡಾರ್ಟಿನ ಮಡಿಕೆ ಎಡಕ್ಕೆ ಮಲಗಿದ್ದರೆ ಒಳಗಿನದು ಬಲಕ್ಕೆ ಮಲಗಲಿ. ಎರಡೂ ಒಂದೇ ಕಡೆ ಬಿದ್ದರೆ ಸೂಜಿ ಮುರಿಯುವುದು ಅಲ್ಲೇ. ಆ ಜಾಗದಲ್ಲಿ ಮೋಟಾರು ಬಿಟ್ಟು ಕೈಯಿಂದ ಚಕ್ರ ತಿರುಗಿಸಿ ನಾಲ್ಕು ಹೊಲಿಗೆ ದಾಟಿಸುವುದು ಜಾಣತನ. ಸುತ್ತಲೂ ಕಾಲಿಂಚಿನಲ್ಲಿ ಹೊಲಿದು, ಡಾರ್ಟಿಗೂ ಮೂಲೆಗೂ ನಡುವಿನ ನೇರ ಜಾಗದಲ್ಲಿ 3 ಇಂಚು ಬಿಡಿ. ಮೂಲೆಗಳ ತುದಿ ಕತ್ತರಿಸಿ, ಬಿಟ್ಟ ಜಾಗದಿಂದ ಸೀದಾ ಮಾಡಿ, ಸೌಟಿನ ಹಿಡಿಯಿಂದ ಮೂಲೆಗಳನ್ನು ಹೊರಗೆ ನೂಕಿ. ಚೂಪು ಕಡ್ಡಿಯಿಂದ ನೂಕಿದರೆ ಹೊಲಿಗೆಯೇ ಬಿಟ್ಟುಕೊಳ್ಳುತ್ತದೆ. ಬಿಟ್ಟ ಬಾಯಿಯ ಅಂಚನ್ನು ಒಳಮಡಿಸಿ, ಸುತ್ತಲೂ ಅಂಚಿನಿಂದ ಕಾಲಿಂಚಿಗೆ ಮೇಲ್ಹೊಲಿಗೆ ಹಾಕಿದರೆ ಬಾಯಿಯೂ ಮುಚ್ಚುತ್ತದೆ, ಕಂಠವೂ ಬಿಗಿಯಾಗುತ್ತದೆ.

ಮಿಷನ್ ಹಗುರದ್ದಾದರೆ ಎರಡು ಚೌಕಗಳಲ್ಲಿ ಒಂದಕ್ಕೆ ಮಾತ್ರ ಒಳತುಂಬುವಿಕೆ ಹಾಕಿ. ಮೈಕ್ರೋವೇವ್‌ನಿಂದ ಮೇಜಿನವರೆಗೆ ಒಯ್ಯಲು ಅಷ್ಟು ಸಾಕು. ಕೈಯಲ್ಲೇ ಹಿಡಿದು ಊಟ ಮಾಡುವ ಅಭ್ಯಾಸವಿದ್ದವರಿಗೆ ಸಾಲದು.

ಒಳಗೆ ಏನು?

ಶಾಖ ತಡೆಯುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದಕ್ಕೇ ಒತ್ತಿ ಚಪ್ಪಟೆಯಾದ ಹಳೆ ಕೋಜಿ ಬೇಗ ಸುಡುತ್ತದೆ. ಅದಕ್ಕೇ ಒದ್ದೆ ಮಸಿಬಟ್ಟೆಯಿಂದ ಬಿಸಿ ಪಾತ್ರೆ ಹಿಡಿದರೆ ಕೈ ಚುರ್ ಎನ್ನುತ್ತದೆ: ಗಾಳಿ ಇದ್ದ ಜಾಗಕ್ಕೆ ನೀರು ಬಂದಿರುತ್ತದೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ.

ಅಂಗಡಿಯಲ್ಲಿ ವ್ಯಾಡಿಂಗ್ ಎಂದೋ ಫೈಬರ್ ಶೀಟ್ ಎಂದೋ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಪಾಲಿಯೆಸ್ಟರ್. ಅಗ್ಗ, ಹಗುರ, ಬೇಗ ಒಣಗುತ್ತದೆ, ಒಗೆದರೆ ಮುದ್ದೆಗಟ್ಟುವುದಿಲ್ಲ. ಬಡಿಸಿಕೊಂಡು ಹಿಡಿಯುವ ಕೋಜಿಗಷ್ಟೇ ಆದರೆ ಇದರಲ್ಲಿ ಹೊಲಿಯಲು ಅಡ್ಡಿಯಿಲ್ಲ. ಮೈಕ್ರೋವೇವ್‌ಗೆ ಮಾತ್ರ ಬೇಡವೇ ಬೇಡ. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಸಾರು ಕುದಿಯುವುದು 100ರಲ್ಲಿ, ಮತ್ತೇಕೆ ಹೆದರಿಕೆ ಎಂದು ಕೇಳುವವರಿದ್ದಾರೆ. ಬಟ್ಟಲಿನಲ್ಲಿ ಇರುವುದು ಬರೀ ನೀರಲ್ಲ. ತುಪ್ಪ, ಒಗ್ಗರಣೆಯ ಎಣ್ಣೆ, ಬೆಲ್ಲದ ಪಾಕ ನೂರರ ಗಡಿಯನ್ನು ಸುಲಭವಾಗಿ ದಾಟುತ್ತವೆ, ಮೈಕ್ರೋವೇವ್ ಅಲ್ಲಲ್ಲಿ ಹೆಚ್ಚು ಕಾಯಿಸುತ್ತದೆ. ಮಿಗಿಲಾಗಿ, ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹತ್ತಿ ಕರಗುವುದಿಲ್ಲ, ಸೀಯುತ್ತದೆ, ವಾಸನೆ ಕೊಟ್ಟು ಎಚ್ಚರಿಸುತ್ತದೆ.

ಶುದ್ಧ ಹತ್ತಿಯ ವ್ಯಾಡಿಂಗ್ ಸಿಕ್ಕರೆ ಅದೇ ಉತ್ತಮ, ಆದರೆ ನಮ್ಮ ಊರ ಅಂಗಡಿಗಳಲ್ಲಿ ಹುಡುಕಬೇಕು. ಅಮೆರಿಕದಲ್ಲಿರುವವರಿಗೆ ಕಷ್ಟವಿಲ್ಲ, ಪೆಲ್ಲಾನ್ ಕಂಪನಿಯ ರ‍್ಯಾಪ್-ಎನ್-ಜ್ಯಾಪ್ ಮೈಕ್ರೋವೇವ್ ಬಳಕೆಗೆಂದೇ ಬರುವ ಹತ್ತಿ ವ್ಯಾಡಿಂಗ್. ಅದೇ ಕಪಾಟಿನಲ್ಲಿ ಸಿಗುವ ಇನ್ಸುಲ್-ಬ್ರೈಟ್ ಹಿಡಿಬಟ್ಟೆಗೆ ಬಹಳ ಒಳ್ಳೆಯದು, ಒಳಗೆ ಲೋಹದ ತೆಳುಪೊರೆ ಇರುವುದರಿಂದ ಮೈಕ್ರೋವೇವ್‌ನಲ್ಲಿ ಕಿಡಿ ಹಾರಿಸುತ್ತದೆ. ಹತ್ತಿ ಎಂದು ಬರೆದ ಕೆಲವು ವ್ಯಾಡಿಂಗುಗಳಿಗೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿಯ ಆಧಾರವಿರುತ್ತದೆ, ಲೇಬಲ್ ಪೂರ್ತಿ ಓದಿ.

ಇಲ್ಲಿ ಕೈಗೆಟುಕುವ ಬದಲಿ ಎಂದರೆ ಹಳೆಯ ಟರ್ಕಿ ಟವೆಲ್. ದಪ್ಪ ಟವೆಲ್ ಒಂದು ಪದರ, ತೆಳ್ಳಗಾದದ್ದು ಎರಡು. ಹತ್ತಿಯದೇ ಎಂದು ಖಚಿತಪಡಿಸಿಕೊಳ್ಳಿ, ಮೈಕ್ರೋಫೈಬರ್ ಟವೆಲ್ ಎಂದರೆ ಪಾಲಿಯೆಸ್ಟರೇ. ಮಕ್ಕಳ ಫ್ಲಾನೆಲ್ ಬಟ್ಟೆ ಮೂರು ಪದರ ಇಟ್ಟರೂ ನಡೆಯುತ್ತದೆ. ಹಾಸಿಗೆ ಅಂಗಡಿಯ ಹಿಂಜಿದ ಹತ್ತಿ ಅಗ್ಗವೇನೋ ಹೌದು, ಆದರೆ ಒಂದೂವರೆ ಇಂಚಿಗೊಂದು ಸಾಲು ಹೊಲಿಗೆ ಬೀಳದಿದ್ದರೆ ಎರಡನೇ ಒಗೆತಕ್ಕೆ ಮೂಲೆಗೆ ಸರಿದು ಉಂಡೆಯಾಗುತ್ತದೆ. ಬೂರುಗದ ಹತ್ತಿ ಒಲೆಯ ಹತ್ತಿರಕ್ಕೂ ಬೇಡ, ಕಿಡಿ ಸೋಕಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕುರಿ ಉಣ್ಣೆಯ ಕಂಬಳಿ ತುಂಡು ಹಿಡಿಬಟ್ಟೆಯ ಒಳಗೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಉಣ್ಣೆ ಕರಗದು, ಸುಲಭವಾಗಿ ಉರಿಯದು. ತಣ್ಣೀರಲ್ಲಿ ಕೈಯಿಂದಲೇ ಒಗೆಯಬೇಕು, ಬಿಸಿನೀರಿನಲ್ಲಿ ಉಜ್ಜಿದರೆ ಗಟ್ಟಿಯಾಗಿ ಕುಗ್ಗಿಬಿಡುತ್ತದೆ. ಮೈಕ್ರೋವೇವ್‌ಗೆ ಇದೂ ಬೇಡ.

ಮೇಲ್ಬಟ್ಟೆ ಮತ್ತು ದಾರ

ಪಾಪ್ಲಿನ್, ಖಾದಿ, ತೆಳು ಕ್ಯಾನ್ವಾಸ್, ಹತ್ತಿಯ ಬೆಡ್‌ಶೀಟ್ ಎಲ್ಲವೂ ಆದೀತು. ಮನೆಮನೆಯಲ್ಲಿ ಅರಿಶಿನ ಕುಂಕುಮದ ಜೊತೆ ಬಂದ ರವಿಕೆ ಕಣಗಳ ಗಂಟೇ ಇರುತ್ತದೆ. 80 ಸೆಂಟಿಮೀಟರಿನ, 36 ಇಂಚು ಪನ್ನದ ಒಂದು ಕಣದಲ್ಲಿ 10 ಇಂಚಿನ ಒಂಬತ್ತು ಚೌಕ ಬರುತ್ತದೆ. ತೊಡಕು ಒಂದೇ: ಅವುಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್ ಮಿಶ್ರಣ. ಮುಟ್ಟಿ ನೋಡಿ ಹೇಳುವುದು ಕಷ್ಟ, ಸುಟ್ಟು ನೋಡುವುದು ಸುಲಭ. ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಹತ್ತಿ. ಉರಿಯಿಂದ ಹಿಂದೆ ಸರಿದು, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಉದ್ದದ ಎಳೆ, ಅಡ್ಡದ ಎಳೆ ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ, ಒಂದು ಹತ್ತಿ ಇನ್ನೊಂದು ಬೇರೆ ಇರುವುದು ಅಪರೂಪವಲ್ಲ.

ಹಳೆ ಇಳಕಲ್ ಸೀರೆಯ ಮೈ ಹತ್ತಿಯದ್ದಾದರೂ ದಡಿ, ಸೆರಗು ರೇಷ್ಮೆಯದ್ದೋ ಕೃತಕ ರೇಷ್ಮೆಯದ್ದೋ ಆಗಿರುತ್ತವೆ, ಮೈಯನ್ನು ಮಾತ್ರ ಬಳಸಿ. ಗುಳೇದಗುಡ್ಡದ ಖಣ ಕಣ್ಣಿಗೆ ಹಬ್ಬ, ಆದರೆ ಬಿಸಿ ತಾಗುವ ಕಡೆಗಲ್ಲ, ಮ್ಯಾಟಿನ ಅಂಚಿಗೆ ಹಾಕಿ. ಜರಿ, ಚಿನ್ನದ ಬಣ್ಣದ ಪ್ರಿಂಟು, ಟಿಕಳಿ ಇರುವುದು ಮೈಕ್ರೋವೇವ್‌ಗೆ ಹೋಗಲೇಬಾರದು. ಹಳೆ ಜೀನ್ಸಿನಲ್ಲೂ ಹಿಗ್ಗುವ ನೂಲು ಬೆರೆತಿರುತ್ತದೆ, ಎಳೆದು ನೋಡಿ ಹಿಗ್ಗಿದರೆ ಪಕ್ಕಕ್ಕಿಡಿ.

ದಾರದ ವಿಷಯ ಬಹಳ ಜನ ಮರೆಯುತ್ತಾರೆ. ಅಂಗಡಿಯಲ್ಲಿ ಬರೀ ದಾರ ಎಂದು ಕೇಳಿದರೆ ಪಾಲಿಯೆಸ್ಟರಿನದೇ ಬರುತ್ತದೆ. ಕಾಟನ್ ದಾರ ಎಂದು ಹೇಳಿ ಕೇಳಿ, ಬಾಬಿನ್ನಿಗೂ ಅದನ್ನೇ ಸುತ್ತಿ. ಹತ್ತಿ ದಾರ ಎಳೆತಕ್ಕೆ ಬೇಗ ತುಂಡಾಗುತ್ತದೆ ಎಂಬುದು ನಿಜ, ಅದಕ್ಕೆ ಮಿಷನ್ನಿನ ಟೆನ್ಷನ್ (ದಾರದ ಬಿಗಿ) ಒಂದು ಹಂತ ಸಡಿಲಿಸಿ.

ಒಳಗಿನ ಬಟ್ಟೆಗೆ ಗಾಢ ಬಣ್ಣ ಆರಿಸಿ. ಸಾರಿನ ಅರಿಶಿನದ ಕಲೆ ಸೋಪು ಹಾಕಿದ ಕೂಡಲೇ ಕೆಂಪಗಾಗಿ ಗಾಬರಿ ಹುಟ್ಟಿಸುತ್ತದೆ. ತೊಳೆದು ಬಿಸಿಲಿಗೆ ಹಾಕಿದರೆ ಎರಡು ಮೂರು ದಿನದಲ್ಲಿ ಮಾಸುತ್ತದೆ. ಎಣ್ಣೆ ಕಲೆ ಹಾಗಲ್ಲ, ಉಳಿದೇ ಬಿಡುತ್ತದೆ.

ಮಿಷನ್ ಇಲ್ಲದವರಿಗೆ: ಮೂಲೆ ಹಿಡಿದ ಕೌದಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ ಪದರ ಪದರವಾಗಿ ಹರವಿ ಕೈಯಲ್ಲಿ ಹೊಲಿಯುವ ಕೌದಿಗೆ ಬೇರೆ ಒಳತುಂಬುವಿಕೆಯೇ ಇಲ್ಲ, ಪದರಗಳೇ ದಪ್ಪ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿಯಲ್ಲೂ ತುಂಡು ಬಟ್ಟೆಗಳು ಹೊಲಿಗೆಯಿಂದಲೇ ಒಂದಾಗುತ್ತವೆ. ಬಟ್ಟಲಿಗೆ ಬೇಕಾದದ್ದು ಇದರ ಅಂಗೈಯಗಲದ ತುಂಡು.

ಮೆತ್ತಗಾದ ನೂಲಿನ ಸೀರೆಯನ್ನು ಎಂಟು ಪದರ ಮಾಡಿ, ಮೇಲೆ ಕೆಳಗೆ ಒಂದೊಂದು ಗಟ್ಟಿ ಬಟ್ಟೆ ಇಟ್ಟು, 9 ಇಂಚಿನ ಚೌಕ ಕತ್ತರಿಸಿ. ಮೊದಲು ಉದ್ದ ಟಾಕಿ ಹಾಕಿ ಪದರ ಜಾರದಂತೆ ಹಿಡಿಯಿರಿ. ಆಮೇಲೆ ಅಂಚಿನಿಂದ ಶುರುಮಾಡಿ, ಅರ್ಧ ಇಂಚಿಗೊಂದು ಸಾಲಿನಂತೆ, ಸುತ್ತುತ್ತಾ ನಡುವಿಗೆ ಬನ್ನಿ. ಅಂಚನ್ನು ಅಡ್ಡ ಕತ್ತರಿಸಿದ ಪಟ್ಟಿಯಿಂದ ಮುಚ್ಚಿ. ಈಗ ಒಂದೊಂದು ಮೂಲೆಯನ್ನೂ ಚಿವುಟಿ, ತುದಿಯಿಂದ ಒಂದೂವರೆ ಇಂಚು ಕೆಳಗೆ ಎರಡೆಳೆ ದಾರದಲ್ಲಿ ನಾಲ್ಕೈದು ಬಿಗಿ ಹೊಲಿಗೆ ಹಾಕಿದರೆ ದೊನ್ನೆಯ ಹಾಗೆ ನಾಲ್ಕೂ ಬದಿ ಎದ್ದು ನಿಲ್ಲುತ್ತದೆ.

ಡಾರ್ಟಿನ ಕೋಜಿ ಎಡವುವ ಸಪಾಟು ತಳದ ಸ್ಟೀಲಿನ ಬಟ್ಟಲಿಗೆ ಇದು ಹೇಳಿಮಾಡಿಸಿದ್ದು. ತಳದಲ್ಲಿ ಹೊಲಿಗೆಯ ಗಂಟಿಲ್ಲ, ಬಟ್ಟಲು ನೆಟ್ಟಗೆ ಕೂರುತ್ತದೆ. ದುಡ್ಡೂ ಬೇಕಿಲ್ಲ. ಬದಲಿಗೆ ಕೇಳುವುದು ಸಮಯ, ಕೈಯ ತಾಳ್ಮೆ. ಇನ್ನೊಂದು ಮಿತಿ: ಒಣಗಲು ಹೊತ್ತು ಹಿಡಿಯುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಎರಡು ಜೊತೆ ಇಲ್ಲದಿದ್ದರೆ ಮುಗ್ಗಲು ವಾಸನೆ ಖಂಡಿತ.

ಎಂಟು ಪದರ ಸಾಕೇ ಎಂಬುದನ್ನು ಹೊಲಿಯುವ ಮೊದಲೇ ಪರೀಕ್ಷಿಸಬಹುದು. ಪದರಗಳನ್ನು ಮಡಿಸಿ ಅಂಗೈ ಮೇಲಿಟ್ಟು, ಸಿಂಕಿನ ಮೇಲೆ ಕೈ ಚಾಚಿ. ಸ್ಟೀಲಿನ ಬಟ್ಟಲಿಗೆ ಈಗಷ್ಟೇ ಕುದಿದ ನೀರನ್ನು ಮುಕ್ಕಾಲು ಮಟ್ಟಕ್ಕೆ ಹಾಕಿ, ಇಕ್ಕಳದಿಂದ ಅದರ ಮೇಲೆ ಇಳಿಸಿ, ಇಕ್ಕಳ ಬಿಡದೆ ಮೂವತ್ತು ಎಣಿಸಿ. ಬಿಸಿ ಸಹಿಸುವಂತಿದ್ದರೆ ಸಾಕು, ಇಲ್ಲವಾದರೆ ಎರಡು ಪದರ ಸೇರಿಸಿ. ಟವೆಲ್‌ಗೂ ಇದೇ ಪರೀಕ್ಷೆ.

ಒಲೆಯಿಂದ ಇಳಿಸಲು: ಜೇಬಿನ ಹಿಡಿಬಟ್ಟೆ

ಬಟ್ಟಲೇ ಕಾದಿರುವ ಮನೆಗೆ ಇದು. 9 ಇಂಚು ಉದ್ದ, 5 ಇಂಚು ಅಗಲದ ತುಂಡು, ಎರಡೂ ತುದಿ ದುಂಡಗೆ. ಒಳಗೆ ಎರಡು ಪದರ ಟವೆಲ್ ಅಥವಾ ಒಂದು ಪದರ ಕಂಬಳಿ. ಎರಡೂ ತುದಿಗೆ 4 ಇಂಚಿನ ಜೇಬು, ಒಂದರಲ್ಲಿ ನಾಲ್ಕು ಬೆರಳು, ಇನ್ನೊಂದರಲ್ಲಿ ಹೆಬ್ಬೆರಳು. ನಡುವೆ ಮಡಿಸಿ ಕಂಠವನ್ನು ಚಿಮುಟಿದಂತೆ ಹಿಡಿಯುವುದು. ಅಂಚಿಗೆ 2 ಇಂಚು ಅಗಲದ ಕ್ರಾಸ್ ಪೀಸ್ (ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಹೊಲಿದರೆ ದುಂಡು ತಿರುವಿನಲ್ಲಿ ಸುಕ್ಕು ಬರುವುದಿಲ್ಲ, ನೇರ ಎಳೆಯ ಪಟ್ಟಿ ಹಾಕಿದರೆ ಬಂದೇ ಬರುತ್ತದೆ.

ಇವನ್ನು ಜೋಡಿಯಾಗಿಯೇ ಹೊಲಿಯಿರಿ, ಒಂದು ಕೈಯಲ್ಲಿ ಎತ್ತಿದ ಬಟ್ಟಲು ತುಳುಕುತ್ತದೆ. ಬಹಳ ದಪ್ಪ ಮಾಡುವುದೂ ತಪ್ಪು. ಬೆರಳಿಗೆ ಕಂಠ ಸಿಗದೆ ಬಟ್ಟಲು ಜಾರುತ್ತದೆ. ಕುಕ್ಕರಿನೊಳಗಿನ ಪಾತ್ರೆ ತೆಗೆಯಲು ಮಾತ್ರ ಇದನ್ನೂ ನಂಬಬೇಡಿ. ಅಲ್ಲಿ ಹಬೆ, ನೀರು ಎರಡೂ ಇರುವುದರಿಂದ ಬಟ್ಟೆ ಒದ್ದೆಯಾಗಿ ಕೈ ಸುಡುತ್ತದೆ. ಅದು ಇಕ್ಕಳದ ಕೆಲಸ. ನೇತುಹಾಕುವ ಕುಣಿಕೆ ಚಿಕ್ಕದಿರಲಿ, ಉದ್ದ ಕುಣಿಕೆ ಗ್ಯಾಸಿನ ಉರಿಗೆ ಜೋತುಬೀಳುತ್ತದೆ.

ಸಿಂಬೆ, ಮ್ಯಾಟು

ಇವು ಎತ್ತುವುದಕ್ಕಲ್ಲ, ಇಡುವುದಕ್ಕೆ. ಮೇಜಿನ ಪಾಲಿಷ್ ಉಳಿಯಬೇಕು ಎನ್ನುವವರಿಗೆ 8 ಇಂಚಿನ ದುಂಡು ಮ್ಯಾಟು ಸಾಕು. ಗುಂಡು ತಳದ ಪಾತ್ರೆಗೆ ಸಿಂಬೆಯೇ ಬೇಕು: 24 ಇಂಚು ಉದ್ದ, 6 ಇಂಚು ಅಗಲದ ಪಟ್ಟಿಯನ್ನು ಕೊಳವೆಯಾಗಿ ಹೊಲಿದು, ಹಳೆ ಬಟ್ಟೆಯ ಚೂರು ಬಿಗಿಯಾಗಿ ತುಂಬಿ, ತುದಿ ಸೇರಿಸಿದರೆ ನಡುವೆ ಸುಮಾರು ಐದೂವರೆ ಇಂಚಿನ ಜಾಗ ಬಿಡುತ್ತದೆ. ಸಡಿಲವಾಗಿ ತುಂಬಿದ ಸಿಂಬೆ ಭಾರಕ್ಕೆ ಒಂದು ಕಡೆ ಕುಸಿದು ಪಾತ್ರೆ ವಾಲುತ್ತದೆ. ಹೊಲಿಗೆ ಕಲಿಯುತ್ತಿರುವ ಮಕ್ಕಳಿಗೆ ಮೊದಲ ಕೆಲಸವಾಗಿ ಕೊಡಲು ಇದು ಒಳ್ಳೆಯದು.

ಯಾರಿಗೆ ಯಾವುದು

ಪಿಜಿ, ಹಾಸ್ಟೆಲ್‌ನಲ್ಲಿದ್ದು ದಿನಾ ಮೈಕ್ರೋವೇವ್‌ನಲ್ಲೇ ಊಟ ಬಿಸಿಮಾಡಿಕೊಳ್ಳುವವರಿಗೆ 10 ಇಂಚಿನ ಹತ್ತಿ ಕೋಜಿ ಎರಡು, ಒಂದು ಒಗೆತಕ್ಕೆ ಹೋದಾಗ ಇನ್ನೊಂದು. ಮನೆಯಲ್ಲಿ ಸ್ಟೀಲಿನದ್ದೇ ಬಟ್ಟಲು, ಮೈಕ್ರೋವೇವ್ ಇಲ್ಲ ಎಂದರೆ ಕೋಜಿಯ ಗೋಜು ಬೇಡ: ಉಣ್ಣುವವರ ಕೈಗೆ ಕೌದಿ ತುಂಡು, ಒಲೆಯ ಬಳಿ ಹಿಡಿಬಟ್ಟೆಯ ಒಂದು ಜೋಡಿ. ಗಂಜಿ ಕುಡಿಯುವ ಹಿರಿಯರು, ಕೈ ನಡುಗುವವರು ಇದ್ದರೆ ಎರಡೂ ಚೌಕಕ್ಕೆ ಒಳತುಂಬುವಿಕೆ ಇರುವ ಕೋಜಿಯೇ ಇರಲಿ, ಆದರೆ ಬಟ್ಟಲಿಗೆ ಬಿಗಿಯಾಗಿ ಕೂರುವ ಅಳತೆಯಲ್ಲಿ. ಸಡಿಲ ಕೋಜಿಯಲ್ಲಿ ಬಟ್ಟಲು ಓಲಾಡಿ ಚೆಲ್ಲುವ ಅಪಾಯ ಬರಿಗೈಗಿಂತ ಹೆಚ್ಚು. ಉಡುಗೊರೆ ಕೊಡುವುದಾದರೆ ಪಡೆಯುವವರು ಮೈಕ್ರೋವೇವ್‌ನಲ್ಲಿ ಇಡುವರೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ, ಆದ್ದರಿಂದ ದಾರದಿಂದ ಹಿಡಿದು ಎಲ್ಲವೂ ಹತ್ತಿಯದೇ ಇರಲಿ. ಖರ್ಚು ಕಡಿಮೆ ಮಾಡಬೇಕೆಂದರೆ ಮೇಲ್ಬಟ್ಟೆ ಹೊಸದು ತಂದು ಒಳಗೆ ಹಳೆ ಟವೆಲ್ ಹಾಕಿ, ಹಳತು ಯಾರ ಕಣ್ಣಿಗೂ ಬೀಳದು. ಉಲ್ಟಾ ಮಾಡಬಾರದು, ಅಂದರೆ ಮೇಲೆ ಹಳೆ ಬಟ್ಟೆ ಹಾಕಿ ಒಳಗೆ ದುಬಾರಿ ವ್ಯಾಡಿಂಗ್ ತುಂಬಬಾರದು. ಮೇಲ್ಬಟ್ಟೆ ಹರಿದ ದಿನ ಒಳಗಿನದ್ದೂ ವ್ಯರ್ಥ.

ಮೈಕ್ರೋವೇವ್‌ಗೆಂದು ಹೊಲಿದವರು ಇಷ್ಟು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಮಾರಾಟವಾಗುವ ಅನೇಕ ಯಂತ್ರಗಳಲ್ಲಿ ಗ್ರಿಲ್, ಕನ್ವೆಕ್ಷನ್ ಕೂಡ ಸೇರಿರುತ್ತವೆ. ಆ ಬಟನ್ ಒತ್ತುವಾಗ ಕೋಜಿ ಒಳಗಿದ್ದರೆ ಹತ್ತಿಯದ್ದೂ ಸುಟ್ಟುಹೋಗುತ್ತದೆ. ಬರೀ ಮೈಕ್ರೋವೇವ್‌ನಲ್ಲೂ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಒಮ್ಮೆಲೇ ಓಡಿಸಬೇಡಿ, ಖಾಲಿ ಬಟ್ಟಲಿಟ್ಟು ಓಡಿಸಬೇಡಿ, ಬಿಟ್ಟು ಆಚೆ ಹೋಗಬೇಡಿ. ಕೋಜಿ ಒದ್ದೆಯಿದ್ದರೆ ಅದರೊಳಗಿನ ನೀರೇ ಕಾದು ಹಬೆಯಾಗಿ ಕೈಗೆ ತಾಗುತ್ತದೆ, ಒಣಗಿದ್ದನ್ನೇ ಇಡಿ. ಒಂದೇ ಮನೆಯಲ್ಲಿ ಪಾಲಿಯೆಸ್ಟರ್ ತುಂಬಿದ್ದು, ಹತ್ತಿಯದ್ದು ಎರಡೂ ಇದ್ದರೆ, ಒಳಗೆ ಹೋಗಬಾರದ್ದರ ಒಂದು ಮೂಲೆಗೆ ಕೆಂಪು ದಾರದಲ್ಲಿ ದೊಡ್ಡ ಗುಣಾಕಾರದ ಗುರುತು ಹೊಲಿದುಬಿಡಿ. ಹೊಲಿದವರಿಗೆ ವ್ಯತ್ಯಾಸ ಗೊತ್ತಿರುತ್ತದೆ, ರಾತ್ರಿ ಹತ್ತಕ್ಕೆ ಹಸಿದು ಬಂದ ಮಗನಿಗೆ ಗೊತ್ತಿರುವುದಿಲ್ಲ.